ಅರವತ್ತರಲ್ಲಿ ನಾಲ್ವರು

ಓದುಗರ ಪತ್ರ

‘ಬೆಂಗಳೂರಿನ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಹದಿನಾರು ವರ್ಷಗಳಿಂದ ವಾಣಿಜ್ಯ ಪಾಠ ಮಾಡುತ್ತಿದ್ದೇನೆ. ಪ್ರತಿ ವಿದ್ಯಾರ್ಥಿಯೂ ಒಂದು ಆನ್‌ಲೈನ್ ಕೋರ್ಸ್ ಮಾಡಲೇಬೇಕೆಂದು ಕಳೆದ ಸೆಮಿಸ್ಟರ್‌ನಲ್ಲಿ ಸುತ್ತೋಲೆ ಬಂತು. ನನ್ನ ತರಗತಿಯ 60 ಮಂದಿಯೂ ಹೆಸರು ನೋಂದಾಯಿಸಿದರು. ಪರೀಕ್ಷೆ ಬರೆದು ಪಾಸಾದವರು ನಾಲ್ವರು. ವಿದೇಶದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಜಗತ್ತಿಗೇ ಬಿಟ್ಟುಕೊಟ್ಟಿವೆ ಎಂದು ಓದುತ್ತಿರುತ್ತೇನೆ. ಅಲ್ಲಿ ಗೆದ್ದದ್ದು ಇಲ್ಲಿ ಏಕೆ ಸೋಲುತ್ತಿದೆ? ನಮ್ಮ ಮಕ್ಕಳಿಗೆ ಇದು ಕನ್ನಡದಲ್ಲಿ ಏಕೆ ಸಿಗುತ್ತಿಲ್ಲ? ಎಲ್ಲವೂ ಮೊಬೈಲ್ ಪರದೆಯ ಮೇಲೆ ಸಿಗುವುದಾದರೆ ನನ್ನಂಥವರಿಗೆ ಇನ್ನೇನು ಕೆಲಸ?’

— ಹೆಸರು ಪ್ರಕಟಿಸಬಾರದೆಂದು ಕೋರಿರುವ ಉಪನ್ಯಾಸಕಿ, ಬೆಂಗಳೂರು

ಸಂಪಾದಕರ ಉತ್ತರ

ಮಾನ್ಯ ಮೇಡಂ, ನಮಸ್ಕಾರ.

ನಿಮ್ಮ ಪತ್ರ ಬಂದ ಸಂಜೆ ಚಾಮರಾಜಪೇಟೆಯ ನಮ್ಮ ಕಚೇರಿಯಲ್ಲಿ ಅದು ಮೇಜಿನಿಂದ ಮೇಜಿಗೆ ಹೋಯಿತು. ‘ಸೋಲುತ್ತಿದೆ’ ಎಂಬ ಮಾತಿನ ಕೆಳಗೆ ನಾನು ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಂಡಿದ್ದೇನೆ. ಅಲ್ಲಿಂದಲೇ ಆರಂಭಿಸುತ್ತೇನೆ.

ಅರವತ್ತರಲ್ಲಿ ನಾಲ್ವರು ಎಂದರೆ ನೂರಕ್ಕೆ ಆರೇಳು ಮಂದಿ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು 2012ರಿಂದ 2018ರವರೆಗೆ ನಡೆಸಿದ ಆನ್‌ಲೈನ್ ಕೋರ್ಸ್‌ಗಳ ಲೆಕ್ಕವನ್ನು ಸಂಶೋಧಕರಿಬ್ಬರು ಕೂಲಂಕಷವಾಗಿ ನೋಡಿ, 2019ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದರು. 2017–18ರಲ್ಲಿ ಹೆಸರು ನೋಂದಾಯಿಸಿದ ಪ್ರತಿ ನೂರು ಮಂದಿಯಲ್ಲಿ ಕೋರ್ಸನ್ನು ಕೊನೆ ಮುಟ್ಟಿಸಿದವರು ಮೂವರು. ಕಲಿಯಲು ಬಂದವರಲ್ಲಿ ಬಹುಪಾಲು ಜನ ಅನುಕೂಲಸ್ಥ ದೇಶಗಳವರೇ ಆಗಿದ್ದರು. ಪ್ರಮಾಣಪತ್ರಕ್ಕೆಂದು ಮೊದಲೇ ಹಣ ಕಟ್ಟಿದವರನ್ನು ಬೇರೆಯಾಗಿ ಎಣಿಸಿದರೆ ಮಾತ್ರ ಮುಗಿಸಿದವರ ಪ್ರಮಾಣ ಅರ್ಧದ ಸಮೀಪಕ್ಕೆ ಏರುತ್ತದೆ. ಹಾಗಾಗಿ ಅಲ್ಲಿ ಗೆದ್ದದ್ದು ಇಲ್ಲಿ ಸೋತಿತು ಎಂಬ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಸುತ್ತೋಲೆಯ ಬಲದಿಂದ ಅರವತ್ತು ಹೆಸರು ಬರೆಸಬಹುದು, ಹನ್ನೆರಡು ವಾರ ಓದಿಸಲಾಗದು. ನಿಮ್ಮ ನಾಲ್ವರು ಸುತ್ತೋಲೆಗಾಗಿ ಓದಿದವರಲ್ಲ, ತಾವಾಗಿಯೇ ಓದಿದವರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಹೊರಗಿನವರು ಏನು ಮಾಡಿದರು ಎಂಬುದು. ವಿಶ್ವವಿದ್ಯಾಲಯವೊಂದರ ಕೈಯಲ್ಲಿ ನಾಲ್ಕು ವಸ್ತುಗಳಿರುತ್ತವೆ: ಪಾಠ, ಪ್ರವೇಶ, ಪರೀಕ್ಷೆ, ಪದವಿ. ಎಲ್ಲವನ್ನೂ ಯಾರೂ ಬಿಟ್ಟುಕೊಟ್ಟಿಲ್ಲ. ಯಾವುದನ್ನು ಬಿಟ್ಟುಕೊಟ್ಟರು, ಯಾವುದನ್ನು ಬಿಗಿಯಾಗಿ ಹಿಡಿದುಕೊಂಡರು ಎಂಬುದರಲ್ಲೇ ಒಂದೊಂದು ಸೀಮೆಯ ಸ್ವಭಾವ ಇದೆ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ಬಿಟ್ಟುಕೊಟ್ಟದ್ದು ಪಾಠವನ್ನು. 2001ರ ಏಪ್ರಿಲ್‌ನಲ್ಲಿ ಎಂಐಟಿ ತನ್ನ ಕೋರ್ಸ್‌ಗಳ ಟಿಪ್ಪಣಿ, ಲೆಕ್ಕ, ಪ್ರಶ್ನೆಪತ್ರಿಕೆಗಳನ್ನು ಯಾರು ಬೇಕಾದರೂ ಓದಿಕೊಳ್ಳಲಿ ಎಂದು ಘೋಷಿಸಿತು. ಅದೇ ಉಸಿರಿನಲ್ಲಿ, ಇದರಿಂದ ಪದವಿಯಾಗಲಿ, ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಆಗಲಿ ಸಿಗದು ಎಂದೂ ಹೇಳಿತು. ಹತ್ತು ವರ್ಷದ ನಂತರ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಒಂದು ಕೋರ್ಸ್‌ಗೆ 1,60,000 ಮಂದಿ ಸೇರಿಕೊಂಡಾಗ ಎಲ್ಲರ ಕಣ್ಣೂ ಅರಳಿತು. 2012ರಲ್ಲಿ ಆನ್‌ಲೈನ್ ಕೋರ್ಸ್‌ಗಳ ವೇದಿಕೆ ಕೋರ್ಸೆರಾ ಹುಟ್ಟಿತು. ಅದೇ ವರ್ಷ ಹಾರ್ವರ್ಡ್ ಮತ್ತು ಎಂಐಟಿ ತಲಾ ಮೂರು ಕೋಟಿ ಡಾಲರ್ ಹಾಕಿ ಎಡ್ಎಕ್ಸ್ ಎಂಬ ಅಂಥದೇ ವೇದಿಕೆ ಕಟ್ಟಿದವು. ಇನ್ನು ಕಾಲೇಜುಗಳೇ ಬೇಡವಾಗುತ್ತವೆ ಎಂದು ಆಗ ಬರೆದವರಿಗೆ ಲೆಕ್ಕವಿಲ್ಲ. ಆದದ್ದು ಬೇರೆ. ಮೊದಲು ಬಿಟ್ಟಿಯಾಗಿ ಸಿಗುತ್ತಿದ್ದ ಪ್ರಮಾಣಪತ್ರಕ್ಕೆ ಹಣ ಕಟ್ಟಬೇಕಾಯಿತು. 2021ರಲ್ಲಿ ಎಡ್ಎಕ್ಸನ್ನು 80 ಕೋಟಿ ಡಾಲರ್‌ಗೆ 2ಯು ಎಂಬ ಕಂಪನಿಗೆ ಮಾರಲಾಯಿತು. 2024ರಲ್ಲಿ ಆ ಕಂಪನಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಪದವಿಯನ್ನೇ ಅಗ್ಗ ಮಾಡಿದ ಧೈರ್ಯವಂತರೂ ಅಲ್ಲಿದ್ದಾರೆ: ಜಾರ್ಜಿಯಾ ಟೆಕ್ 2014ರಲ್ಲಿ ಸುಮಾರು ಏಳು ಸಾವಿರ ಡಾಲರ್‌ಗೆ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲಿ ಆರಂಭಿಸಿತು. ಅಲ್ಲಿನ ಶುಲ್ಕ ಬಲ್ಲವರಿಗೆ ಅದು ಎಷ್ಟು ಕಡಿಮೆ ಎಂದು ಗೊತ್ತು.

ಯುರೋಪಿನವರಿಗೆ ಬೇರೆ ಎರಡು ಚಿಂತೆಗಳಿದ್ದವು: ಭಾಷೆ ಮತ್ತು ಕ್ರೆಡಿಟ್. ಒಂದು ದೇಶದಲ್ಲಿ ಗಳಿಸಿದ ಕ್ರೆಡಿಟ್ ಇನ್ನೊಂದು ದೇಶದಲ್ಲಿ ನಡೆಯಬೇಕೆಂಬ ಏರ್ಪಾಟು ಅಲ್ಲಿ ಮೊದಲೇ ಇತ್ತು. ಅದರ ಮೇಲೆ 2013ರಲ್ಲಿ ಹಲವು ದೇಶಗಳ ಮುಕ್ತ ವಿಶ್ವವಿದ್ಯಾಲಯಗಳು ಸೇರಿ ‘ಓಪನ್‌ಅಪ್‌ಎಡ್’ ಎಂಬ ಕೂಟ ಮಾಡಿಕೊಂಡು, ತಮ್ಮ ತಮ್ಮ ನುಡಿಗಳಲ್ಲೇ ಕೋರ್ಸ್ ಕೊಡತೊಡಗಿದವು. ಫ್ರಾನ್ಸಿನಲ್ಲಿ ಸರ್ಕಾರವೇ ಮುಂದೆ ನಿಂತು ಅದೇ ವರ್ಷ ರಾಷ್ಟ್ರೀಯ ವೇದಿಕೆ ತೆರೆಯಿತು.

ನನ್ನ ಮನಸ್ಸು ಗೆದ್ದದ್ದು ಫಿನ್‌ಲೆಂಡ್. ಹೆಲ್ಸಿಂಕಿ ವಿಶ್ವವಿದ್ಯಾಲಯ 2012ರಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸನ್ನು ಎಲ್ಲರಿಗೂ ತೆರೆಯಿತು. ಅದನ್ನು ಚೆನ್ನಾಗಿ ಮುಗಿಸಿದವರು ಆ ದಾರಿಯಿಂದಲೇ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ ಸೇರಬಹುದು ಎಂದಿತು. ಯೋಚಿಸಿ ನೋಡಿ, ಮೂರು ಗಂಟೆಯ ಪ್ರವೇಶ ಪರೀಕ್ಷೆಯ ಬದಲು ವಾರಗಟ್ಟಲೆ ಕೂತು ಮಾಡಿದ ಕೆಲಸವೇ ಅರ್ಹತೆ! ಅವರು ಬಿಟ್ಟುಕೊಟ್ಟದ್ದು ಪ್ರವೇಶವನ್ನು. ಅದೇ ವಿಶ್ವವಿದ್ಯಾಲಯ 2018ರಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಸಾಮಾನ್ಯರಿಗೂ ತಿಳಿಯುವಂಥ ಒಂದು ಉಚಿತ ಕೋರ್ಸ್ ತಂದಿತು. ದೇಶದ ಜನಸಂಖ್ಯೆಯಲ್ಲಿ ಶೇ 1ರಷ್ಟು ಜನರಿಗಾದರೂ ಅದನ್ನು ಕಲಿಸಬೇಕೆಂಬುದು ಅವರ ಗುರಿ. 2019ರಲ್ಲಿ ಅದನ್ನು ಯುರೋಪಿಯನ್ ಒಕ್ಕೂಟದ ಎಲ್ಲ ಅಧಿಕೃತ ಭಾಷೆಗಳಿಗೂ ತರುವುದಾಗಿ ಫಿನ್‌ಲೆಂಡ್ ಹೇಳಿತು. ಅವುಗಳಲ್ಲಿ ಎಸ್ಟೋನಿಯನ್ ಒಂದು. ಅದನ್ನು ಆಡುವವರು ಸುಮಾರು ಹನ್ನೊಂದು ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ನಾಲ್ಕು ಕೋಟಿಗೂ ಹೆಚ್ಚು. ಕನ್ನಡದಲ್ಲಿ ಇದಕ್ಕೆಲ್ಲ ಗಿರಾಕಿ ಎಲ್ಲಿ ಎಂದು ಕೇಳುವವರು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಏಷ್ಯಾದ ಉಳಿದ ಕಡೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಚೀನಾದಲ್ಲಿ ಸಿಂಗ್ಹುವಾ ವಿಶ್ವವಿದ್ಯಾಲಯ 2013ರಲ್ಲಿ ತನ್ನದೇ ವೇದಿಕೆ ಕಟ್ಟಿತು. ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ಸರ್ಕಾರ ಕೆ-ಮೂಕ್ ಎಂಬ ವೇದಿಕೆ ಆರಂಭಿಸಿತು. ಜೋರ್ಡಾನ್‌ನ ‘ಎದ್ರಾಕ್’ ಅರಬ್ಬಿ ಮಾತನಾಡುವ ದೇಶಗಳಿಗೆಲ್ಲ ಅರಬ್ಬಿಯಲ್ಲೇ ಕೋರ್ಸ್ ಕೊಡುತ್ತಿದೆ. ಇವರೆಲ್ಲರೂ ತಮ್ಮ ನುಡಿಯನ್ನು ಮೊದಲ ದಿನವೇ ಎಣಿಕೆಗೆ ಹಿಡಿದವರು. ಆಫ್ರಿಕಾದಲ್ಲಿ ದೂರಶಿಕ್ಷಣ ಹೊಸದಲ್ಲ. ದಕ್ಷಿಣ ಆಫ್ರಿಕಾದ ಯುನಿಸಾ ವಿಶ್ವವಿದ್ಯಾಲಯ 1946ರಲ್ಲೇ ಅಂಚೆಯ ಮೂಲಕ ಪಾಠ ಹೇಳತೊಡಗಿತು. ಮಂಡೇಲಾ ಸೆರೆಯಲ್ಲಿದ್ದುಕೊಂಡೇ ಕಾನೂನು ಪದವಿ ಪಡೆದದ್ದು ಅಲ್ಲಿಂದ. ಅಲ್ಲಿನ ವಿದ್ಯಾರ್ಥಿಗೆ ಇಂದಿಗೂ ದೊಡ್ಡ ಅಡ್ಡಿ ಮೊಬೈಲ್ ಡೇಟಾದ ಬೆಲೆ. ಆ ಒಂದು ಅಡ್ಡಿ ನಮ್ಮ ಮಕ್ಕಳಿಗೆ ಈಗ ಅಷ್ಟಿಲ್ಲ.

ಭಾರತದ ದಾರಿ ಈ ಎಲ್ಲಕ್ಕಿಂತ ಬೇರೆ. ನಾವು ಎತ್ತಿ ಹಿಡಿದದ್ದು ಪರೀಕ್ಷೆಯನ್ನು.

ಪಾಠವನ್ನು ಬಿಟ್ಟುಕೊಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ ಎಂಬುದನ್ನು ಮೊದಲು ಹೇಳಬೇಕು. 1984ರ ಆಗಸ್ಟ್ 15ರಂದೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ದೂರದರ್ಶನದಲ್ಲಿ ಕಾಲೇಜು ಪಾಠಗಳನ್ನು ಆರಂಭಿಸಿತ್ತು. ಏಳು ಐಐಟಿಗಳೂ ನಮ್ಮ ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಉಚಿತ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್ ಆರಂಭಿಸಿದವು. ಕೋರ್ಸೆರಾ ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲು! 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿದಾಗ ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ. ಬನ್ನೇರುಘಟ್ಟ ರಸ್ತೆಯ ಐಐಎಂ 2014ರಲ್ಲಿ ಎಡ್ಎಕ್ಸ್ ಸೇರಿತು. ಈಗ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ವಿಷಯದ ಹೊಣೆ ಅದರದೇ.

2014ರಿಂದ ಎನ್‌ಪಿಟಿಇಎಲ್ ಪಾಠದ ಜೊತೆಗೆ ಪರೀಕ್ಷೆಯನ್ನೂ ಸೇರಿಸಿತು. ಕಲಿಯುವುದು ಉಚಿತ, ಪ್ರಮಾಣಪತ್ರ ಬೇಕಿದ್ದರೆ ಹಣ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು. ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಕೊನೆಯ ಪರೀಕ್ಷೆಗೆ 75. 2017ರ ಜುಲೈನಲ್ಲಿ ‘ಸ್ವಯಂ’ ಬಂತು. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 20ರಷ್ಟನ್ನು ಹೀಗೆ ಕಲಿಯಬಹುದೆಂದು 2016ರಲ್ಲಿ ಹೇಳಿದ್ದ ಯುಜಿಸಿ, 2021ರಲ್ಲಿ ಆ ಮಿತಿಯನ್ನು ಶೇ 40ಕ್ಕೆ ಏರಿಸಿತು. ನಿಮ್ಮ ಕಾಲೇಜಿನ ಸುತ್ತೋಲೆಯ ಬೇರು ಇಲ್ಲಿದೆ.

ಪರೀಕ್ಷೆಯನ್ನು ಹೀಗೆ ನಡುಮಧ್ಯ ಇಟ್ಟದ್ದನ್ನು ಟೀಕಿಸುವವರಿದ್ದಾರೆ. ನಾನು ಟೀಕಿಸಲಾರೆ. ಸಣ್ಣ ಊರಿನ ಕಾಲೇಜಿನಲ್ಲಿ ಓದಿದ ಮಗುವಿಗೆ, ಕೇಂದ್ರದಲ್ಲಿ ಎಲ್ಲರ ಎದುರು ಕೂತು ಬರೆದು ಪಡೆದ ಅಂಕಪಟ್ಟಿ ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ನಿಮಗೆ ಹೇಳಬೇಕೆಂದು ಇಷ್ಟು ದೂರ ಬಂದೆ.

ನಮ್ಮ ಕಚೇರಿಯಲ್ಲಿ ಪುಟ ವಿನ್ಯಾಸ ಮಾಡುವ ಹುಡುಗಿ ಶಿರಾ ತಾಲ್ಲೂಕಿನವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎ.ಯಲ್ಲಿ ಐಚ್ಛಿಕ ಕನ್ನಡ. ಹೋದ ವರ್ಷ ಅವಳು ಸಂಖ್ಯಾಶಾಸ್ತ್ರದ ಎಂಟು ವಾರದ ಕೋರ್ಸ್ ಒಂದಕ್ಕೆ ಸೇರಿಕೊಂಡಳು. ಊಟದ ಬಿಡುವಿನಲ್ಲಿ ಡಬ್ಬಿಯನ್ನು ಒಂದು ಕಡೆ, ಮೊಬೈಲನ್ನು ಇನ್ನೊಂದು ಕಡೆ ಇಟ್ಟುಕೊಂಡು ಕೇಳುತ್ತಿದ್ದಳು. ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ನೋಟ್ ಪುಸ್ತಕದಲ್ಲಿ ಬರೆಯುವುದು, ಹಿಂದಕ್ಕೆ ಓಡಿಸಿ ಮತ್ತೆ ಕೇಳುವುದು. ಇಪ್ಪತ್ತು ನಿಮಿಷದ ಪಾಠಕ್ಕೆ ಎರಡು ದಿನದ ಊಟದ ಬಿಡುವು ಹೋಗುತ್ತಿತ್ತು. ಮೂರನೇ ಮತ್ತು ನಾಲ್ಕನೇ ವಾರದ ಅಸೈನ್‌ಮೆಂಟ್‌ನಲ್ಲಿ ಅಂಕ ನೆಲ ಕಚ್ಚಿತು. ಬಿಟ್ಟುಬಿಡುತ್ತೇನೆ ಎಂದಳು.

ಆ ದಿನ ನೋಟ್ ಪುಸ್ತಕ ತರಿಸಿ ನೋಡಿದೆ. ಒಂದು ಪುಟದಲ್ಲಿ ಕನ್ನಡ ಅಕ್ಷರದಲ್ಲಿ ‘ಸ್ಟ್ಯಾಂಡರ್ಡ್ ಡೀವಿಯೇಷನ್’ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಅದರ ಕೆಳಗೆ ಏನೂ ಇಲ್ಲ, ಖಾಲಿ. ಅದೇ ಪಾಠವನ್ನು ಇಬ್ಬರೂ ಕೂತು ಮತ್ತೆ ನೋಡಿದೆವು. ಪ್ರಾಧ್ಯಾಪಕರು ಸೂತ್ರ ಬರೆಯತೊಡಗಿದರು: ಸಿಗ್ಮಾ, ವರ್ಗ, ಭಾಗಿಸು, ಮೇಲೊಂದು ವರ್ಗಮೂಲ. ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. ‘ಸರ್, ಇದು ಮಾನಕ ವಿಚಲನೆ! ಹತ್ತನೇ ತರಗತಿಯಲ್ಲಿ ಮಾಡಿದ್ದೇನೆ, ನಾಲ್ಕು ಅಂಕದ ಲೆಕ್ಕ!’

ತನಗೆ ಗೊತ್ತಿದ್ದ ವಿಷಯವನ್ನೇ ಗೊತ್ತಿಲ್ಲವೆಂದುಕೊಂಡು ಎರಡು ವಾರ ಒದ್ದಾಡಿದ್ದಳು. ಪಾಠ ಚೆನ್ನಾಗಿಯೇ ಇತ್ತು, ಹುಡುಗಿಯೂ ಜಾಣೆ. ಪಕ್ಕದಲ್ಲಿ ಒಬ್ಬರು ಕೂತು ‘ಅದು ಇದೇ ಕಣಮ್ಮ’ ಎನ್ನಬೇಕಿತ್ತು, ಅಷ್ಟೇ. ಆ ಮೂರು ಮಾತಿಗೆ ಯಾವ ವೇದಿಕೆಯಲ್ಲೂ ಜಾಗವಿಲ್ಲ. ಪರೀಕ್ಷೆಯ ಭಾನುವಾರ ಬೆಳಿಗ್ಗೆ ನಗರದ ಹೊರವಲಯದ ಕೇಂದ್ರಕ್ಕೆ ನನ್ನ ಸ್ಕೂಟರಿನಲ್ಲೇ ಬಿಟ್ಟುಬಂದೆ. ಗೇಟಿನ ಹೊರಗೆ ಮರದ ಕೆಳಗೆ ತಂದೆತಾಯಂದಿರು ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು, ಥೇಟು ಸಿಇಟಿ ದಿನದ ಹಾಗೆ. 58 ಅಂಕ ಬಂತು. ಆ ಪ್ರಮಾಣಪತ್ರವನ್ನು ಶಿರಾದ ಮನೆಯಲ್ಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಈಗ ನಿಮ್ಮ ಮೂರನೇ ಪ್ರಶ್ನೆ, ನಿಮ್ಮ ಕೆಲಸದ್ದು. ಈ ಭಯ ನಿಮ್ಮೊಬ್ಬರದಲ್ಲ. 2013ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸರ್ಕಾರಿ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಅಧ್ಯಾಪಕರು, ಹಾರ್ವರ್ಡ್‌ನ ಮೈಕೆಲ್ ಸ್ಯಾಂಡೆಲ್ ಅವರ ಆನ್‌ಲೈನ್ ಕೋರ್ಸನ್ನು ತಮ್ಮ ತರಗತಿಯಲ್ಲಿ ಬಳಸುವುದಿಲ್ಲ ಎಂದು ಅವರಿಗೇ ಬಹಿರಂಗ ಪತ್ರ ಬರೆದರು. ಬೇರೆಯವರ ಪಾಠದ ವಿಡಿಯೊ ಹಾಕಿ ನಮ್ಮನ್ನು ಸಹಾಯಕರ ಮಟ್ಟಕ್ಕೆ ಇಳಿಸುತ್ತಾರೆ ಎಂಬುದು ಅವರ ಆತಂಕ. ಆದರೆ ಅದೇ ವಿಶ್ವವಿದ್ಯಾಲಯದಲ್ಲಿ ಆ ಹೊತ್ತಿನಲ್ಲೇ ಇನ್ನೆರಡು ಪ್ರಯೋಗಗಳು ನಡೆದವು, ಅವನ್ನು ನೀವು ತಿಳಿದುಕೊಳ್ಳಬೇಕು. ಒಂದರಲ್ಲಿ ಯುಡಾಸಿಟಿ ಕಂಪನಿಯ ಜೊತೆ ಸೇರಿ ಗಣಿತ ಮತ್ತು ಸಂಖ್ಯಾಶಾಸ್ತ್ರವನ್ನು ಪೂರ್ತಿ ಆನ್‌ಲೈನ್ ಮಾಡಿದರು. ಫಲಿತಾಂಶ ಎಷ್ಟು ಕೆಟ್ಟಿತೆಂದರೆ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿಡಬೇಕಾಯಿತು. ಇನ್ನೊಂದರಲ್ಲಿ ಎಂಐಟಿಯ ವಿದ್ಯುತ್ ಮಂಡಲಗಳ ಪಾಠವನ್ನು ವಿದ್ಯಾರ್ಥಿಗಳು ಮನೆಯಲ್ಲಿ ನೋಡಿಕೊಂಡು ಬಂದರು, ತರಗತಿಯಲ್ಲಿ ತಮ್ಮ ಅಧ್ಯಾಪಕರ ಜೊತೆ ಕೂತು ಲೆಕ್ಕ ಮಾಡಿದರು. ಅಲ್ಲಿ ಪಾಸಾದವರ ಪ್ರಮಾಣ ಗಣನೀಯವಾಗಿ ಏರಿತು. ಊರು ಒಂದೇ, ಕಾಲೇಜು ಒಂದೇ, ವರ್ಷ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಮೇಷ್ಟರು ಕೋಣೆಯಲ್ಲಿದ್ದರು, ಇನ್ನೊಂದು ಕಡೆ ಇರಲಿಲ್ಲ.

ನಿಮ್ಮ ಕೆಲಸ ಎಲ್ಲೂ ಹೋಗುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ, ಅದು ನನ್ನ ಕೈಯಲ್ಲಿಲ್ಲ. ಆದರೆ ಎನ್‌ಪಿಟಿಇಎಲ್‌ನ ಏರ್ಪಾಟಿನಲ್ಲೇ ನಿಮಗೊಂದು ಜಾಗವಿದೆ. ಕಾಲೇಜು ಅದರ ‘ಲೋಕಲ್ ಚಾಪ್ಟರ್’ ಆಗಿ ಸೇರಿದರೆ, ಸ್ಪಾಕ್ ಎಂದು ಕರೆಯುವ ಒಬ್ಬ ಅಧ್ಯಾಪಕರು ಹೊಣೆ ಹೊರುತ್ತಾರೆ, ಒಂದೊಂದು ಕೋರ್ಸ್‌ಗೆ ಮೆಂಟರ್‌ಗಳಿರುತ್ತಾರೆ. ಹಲವು ಕಡೆ ಇದು ಕಾಗದದ ಮೇಲಿನ ಹೆಸರಾಗಿ ಉಳಿದಿದೆ: ಯಾರು ಅಸೈನ್‌ಮೆಂಟ್ ಹಾಕಿಲ್ಲ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಚ್ಚರಿಸುವುದಷ್ಟೇ ಮೆಂಟರ್ ಕೆಲಸ. ಅದನ್ನು ವಾರಕ್ಕೊಂದು ಗಂಟೆಯ ನಿಜವಾದ ತರಗತಿ ಮಾಡಿ. ಶನಿವಾರ ಮಧ್ಯಾಹ್ನ ಒಂದು ಕೋಣೆ, ಒಂದು ಕಪ್ಪು ಹಲಗೆ. ಪಾಠವನ್ನು ಮತ್ತೆ ಹೇಳಬೇಡಿ, ಅದು ಮೊಬೈಲಿನಲ್ಲಿದೆ. ಎಲ್ಲಿ ತಡೆಯಿತು ಎಂದು ಮಾತ್ರ ಕೇಳಿ. ನಿಮ್ಮ ಪ್ರಾಂಶುಪಾಲರು ಆ ಒಂದು ಗಂಟೆಯನ್ನು ನಿಮ್ಮ ಕಾರ್ಯಭಾರದಲ್ಲಿ ಸೇರಿಸಬೇಕು. ಸೇರಿಸದಿದ್ದರೆ ಸುತ್ತೋಲೆ ಹೊರಡಿಸುವ ಹಕ್ಕು ಅವರಿಗಿಲ್ಲ ಎಂದೇ ನಾನು ಹೇಳುತ್ತೇನೆ. ಅರವತ್ತು ಜನರನ್ನು ಬಲವಂತದಿಂದ ಸೇರಿಸುವುದನ್ನೂ ಬಿಡಲಿ, ಇಷ್ಟಪಟ್ಟು ಬರುವ ಇಪ್ಪತ್ತು ಜನ ಸಾಕು.

ಉಳಿದದ್ದು ಕನ್ನಡ. ತಂತ್ರಜ್ಞಾನದ ಕೊರತೆಯಿಂದ ಕನ್ನಡ ಹಿಂದುಳಿಯಿತು ಎಂಬುದನ್ನು ನಾನು ಒಪ್ಪುವುದಿಲ್ಲ. 1975–76ರಲ್ಲಿ, ಬಹುಪಾಲು ಬೆಂಗಳೂರಿಗರು ಟಿ.ವಿ. ಕಂಡಿರದ ಕಾಲದಲ್ಲಿ, ಸೈಟ್ ಎಂಬ ಉಪಗ್ರಹ ಟಿ.ವಿ. ಪ್ರಯೋಗದಡಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದಿಂದ ಕನ್ನಡದಲ್ಲೇ ಪಾಠ ಬರುತ್ತಿತ್ತು. ಈಗಲೂ ಕೆಲಸ ಆಗುತ್ತಿಲ್ಲವೆಂದಲ್ಲ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನ ಎಷ್ಟೋ ಪಾಠಗಳನ್ನು ಕನ್ನಡದ ದನಿಯಲ್ಲಿ ಕೇಳಬಹುದು: ಪರದೆಯ ಮೇಲಿನ ಅಕ್ಷರ ಇಂಗ್ಲಿಷಿನದು, ವಿವರಣೆ ಕನ್ನಡದ್ದು, ಪಾಠ ಹತ್ತು ನಿಮಿಷದ್ದು. ಕಂಪ್ಯೂಟರ್ ಕಲಿಯುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಎನ್‌ಪಿಟಿಇಎಲ್ ಪಾಠಗಳ ಪಠ್ಯವೂ ಕನ್ನಡಕ್ಕೆ ಬರುತ್ತಿದೆ. ಆದರೆ ನಮ್ಮ ಹುಡುಗಿಗೆ ಬೇಕಿದ್ದದ್ದು ಇಡೀ ಪಾಠದ ಅನುವಾದವಲ್ಲ. ತಾನು ಶಾಲೆಯಲ್ಲಿ ಕಲಿತ ಕನ್ನಡ ಪದಕ್ಕೂ ಈಗ ಕಿವಿಗೆ ಬೀಳುತ್ತಿರುವ ಇಂಗ್ಲಿಷ್ ಪದಕ್ಕೂ ನಡುವೆ ಒಂದು ಗೆರೆ ಬೇಕಿತ್ತು. ಮಾನಕ ವಿಚಲನೆ, ಸರಾಸರಿ, ಬಹುಲಕ, ಸಂಭವನೀಯತೆ: ಪದಗಳೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ ಇದ್ದೇ ಇವೆ. ಕಾಲೇಜಿನ ಹೊಸ್ತಿಲಲ್ಲಿ ಅವನ್ನು ಕೆಳಗಿಟ್ಟು ಒಳಗೆ ಬಾ ಎಂದು ಮಕ್ಕಳಿಗೆ ಹೇಳುತ್ತಿದ್ದೇವೆ. ಹೆಲ್ಸಿಂಕಿಯವರ ಹಾಗೆ ಪ್ರವೇಶವನ್ನು ತೆರೆಯುವ ಕೆಲಸವೂ ನಮ್ಮಲ್ಲಿ ಆರಂಭವಾಗಿದೆ. ಐಐಟಿ ಮದ್ರಾಸ್ 2020ರಲ್ಲಿ ತೆರೆದ ಡೇಟಾ ವಿಜ್ಞಾನದ ಪದವಿಗೆ ಜೆಇಇ ಬೇಕಿಲ್ಲ, ನಾಲ್ಕು ವಾರ ಅವರದೇ ಪಾಠ ಓದಿ ಅರ್ಹತಾ ಪರೀಕ್ಷೆ ಬರೆದರೆ ಸೇರಬಹುದು. ಶಿರಾದ ಮಗು ಅಲ್ಲಿಗೆ ಹೋಗಬೇಕಾದರೂ ಮೊದಲ ವಾರವೇ ಆ ಗೆರೆಯನ್ನು ಯಾರಾದರೂ ಎಳೆದುಕೊಡಬೇಕು. ಬೆಂಗಳೂರಿನ ವಿಶ್ವವಿದ್ಯಾಲಯಗಳು ಐಐಟಿಗಳ ಜೊತೆ ಸ್ಪರ್ಧೆಗೆ ಇಳಿದು ಹೊಸ ವಿಡಿಯೊ ಮಾಡುವುದಕ್ಕಿಂತ ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ. ಎರಡೂ ಪದಗಳನ್ನು ಬಲ್ಲ ಅಧ್ಯಾಪಕರು ಅವರ ಕಾಲೇಜುಗಳಲ್ಲೇ ಇದ್ದಾರೆ. ನೀವೂ ಅವರಲ್ಲಿ ಒಬ್ಬರು.

ಇನ್ನು ನಿಮ್ಮ ನಾಲ್ವರು. ಅವರನ್ನು ಒಂದು ದಿನ ಕೂರಿಸಿಕೊಂಡು, ಎಲ್ಲಿ ನಿಂತುಹೋಗಿದ್ದರು, ಆಮೇಲೆ ಹೇಗೆ ದಾಟಿದರು ಎಂದು ಕೇಳಿ. ಉಳಿದ 56 ಮಂದಿ ಯಾವ ವಾರದಲ್ಲಿ ಬಿಟ್ಟರು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅವರ ನೋಟ್ ಪುಸ್ತಕಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಪುಟಗಳಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಚೇರಿಗೆ ಕಳುಹಿಸಿ. ಇಂಗ್ಲಿಷ್ ಪದ, ಶಾಲೆಯ ಕನ್ನಡ ಪದ, ಎರಡು ಸಾಲಿನ ವಿವರಣೆ: ಇಷ್ಟನ್ನು ಮುಂದಿನ ಸಂಚಿಕೆಯಿಂದ ಅರ್ಧ ಪುಟದಲ್ಲಿ ಹಾಕುತ್ತೇವೆ. ವಿವರಣೆ ನೀವು ಬರೆಯಬೇಕು. ಪುಟ ಕಟ್ಟುವ ಕೆಲಸವನ್ನು ನಮ್ಮ ಶಿರಾದ ಹುಡುಗಿ ಆಗಲೇ ಒಪ್ಪಿಕೊಂಡಿದ್ದಾಳೆ. ಮೊದಲ ಪದ ಯಾವುದಿರಬೇಕೆಂದು ಅವಳನ್ನು ಕೇಳಬೇಕಾಗಿ ಬರಲಿಲ್ಲ.

— ಸಂಪಾದಕ